ದಂಡಕ್ಕೂ ಮೇರೆಯುಂಟು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಬ್ಯಾಂಕು ಶಾಖೆಗಳಲ್ಲಿ ದುಡಿದು ಕಡ್ಡಾಯ ನಿವೃತ್ತಿಗೆ ಗುರಿಯಾದವರ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ‘ನೌಕರಿಯಂತೂ ಹೋಯಿತು, ಪಿಂಚಣಿಯೂ ಹೋಯಿತೇ?’

ಇಲ್ಲ. ವಜಾ ಬೇರೆ, ಕಡ್ಡಾಯ ನಿವೃತ್ತಿ ಬೇರೆ. ರಾಷ್ಟ್ರೀಕೃತ ಬ್ಯಾಂಕುಗಳ 1995ರ ಪಿಂಚಣಿ ನಿಯಮಾವಳಿಯ 33ನೆಯ ನಿಯಮದಂತೆ, ಪಿಂಚಣಿಗೆ ಅರ್ಹನಾದವನಿಗೆ ಪೂರ್ಣ ಮೊತ್ತದ ಮೂರರಲ್ಲಿ ಎರಡು ಪಾಲಾದರೂ ಸಲ್ಲಬೇಕು. ಪೂರ್ಣಕ್ಕಿಂತ ಕಡಿಮೆ ಗೊತ್ತುಮಾಡುವ ಮುನ್ನ ನಿರ್ದೇಶಕ ಮಂಡಳಿಯೊಡನೆ ಸಮಾಲೋಚಿಸಲೇಬೇಕು. ಸೆಂಟ್ರಲ್ ಬ್ಯಾಂಕಿನ ಮೊಕದ್ದಮೆಯೊಂದರಲ್ಲಿ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ತೀರ್ಪಿತ್ತಿತು. ಪಿಂಚಣಿ ಬ್ಯಾಂಕಿನ ಕೃಪೆಯಲ್ಲ, ನೌಕರನ ಹಕ್ಕು ಎಂದಿತು.

ಆದ್ದರಿಂದ, ಕಡಿತದ ಆದೇಶ ಕೈಸೇರಿದಾಗ ಹಣೆಬರಹವೆಂದು ಕುಳಿತಿರಬೇಡಿ. ಮಂಡಳಿಯ ಅಭಿಪ್ರಾಯ ಪಡೆದದ್ದೆಂದು ಎಂಬುದನ್ನು ಬರೆದು ಕೇಳಿ. ತಪ್ಪಿಗೆ ದಂಡವುಂಟು, ನಿಜ; ದಂಡಕ್ಕೂ ಒಂದು ಮೇರೆಯುಂಟು.