ಬಿರಿದ ಕೆರೆ, ಕಾಣದ ತಂತಿ

ಬೇಸಿಗೆಯಲ್ಲಿ ಕೆಂಚಾರ್ಲಹಳ್ಳಿಯ ಕಡೆ ಕೆರೆ ಬತ್ತಿತೆಂದರೆ ತಳದ ಜೇಡಿಮಣ್ಣು ಬಿರುಕು ಬಿಟ್ಟು ಬಲೆಯಂತಾಗುತ್ತದೆ. ನೀರು ಆರಿದಂತೆ ಮಣ್ಣು ಕುಗ್ಗಲು ನೋಡುತ್ತದೆ. ಅಡಿಯ ನೆಲ ಬಿಡುವುದಿಲ್ಲ. ಈ ಎಳೆದಾಟ ತಾಳದೆ ಸೀಳುತ್ತದೆ. ರೈತನ ಎದೆ ಒಡೆಯುವ ಈ ನೋಟವೇ ಬೆಂಗಳೂರಿನ ಜಕ್ಕೂರಿನಲ್ಲಿ ಬೇರೊಂದು ಕೆಲಸಕ್ಕೆ ಬಂತು.

ಮೊಬೈಲಿನ ಸ್ಪರ್ಶಪರದೆಗೆ ಬೆಳಕನ್ನೂ ಬಿಡುವ, ವಿದ್ಯುತ್ತನ್ನೂ ಹರಿಸುವ ಲೇಪ ಬೇಕು. ರೂಢಿಯ ಲೇಪದಲ್ಲಿರುವ ಇಂಡಿಯಂ ವಿರಳ, ದುಬಾರಿ. ಲೇಪವೋ ಬಾಗಿಸಿದರೆ ಬಿರಿಯುತ್ತದೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು 2013-14ರ ಹೊತ್ತಿಗೆ, ಒಣಗಿದಾಗ ತಾನಾಗಿ ಬಿರುಕು ಬಿಡುವ ದ್ರವವನ್ನು ಗಾಜಿನ ಮೇಲೆ ತೆಳುವಾಗಿ ಹಚ್ಚಿದರು. ಅದರ ಮೇಲೆ ಲೋಹದ ಆವಿ ಕೂರಿಸಿ, ಬಳಿಕ ಪದರವನ್ನು ತೊಳೆದುಬಿಟ್ಟರು. ಬಿರುಕಿನೊಳಗೆ ಇಳಿದ ಲೋಹ ಮಾತ್ರ ಉಳಿಯಿತು: ಎಲ್ಲೂ ತುಂಡಾಗದ, ಕಣ್ಣಿಗೆ ಕಾಣದಷ್ಟು ಸಪೂರವಾದ ತಂತಿಬಲೆ.

ಆರಿದ ಕಾಫಿ ಹನಿಯೂ ಕಡಿಮೆಯೇನಲ್ಲ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಕಣಗಳನ್ನು ಹೊತ್ತು ಅತ್ತ ಹರಿಯುತ್ತದೆ. ಕಲೆ ಬಳೆಯಾಗುತ್ತದೆ. 2009ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬೆಳ್ಳಿ ಕಣಗಳ ಹನಿಗಳಿಂದ ಇಂಥ ಬಳೆಗಳನ್ನು ಒಂದಕ್ಕೊಂದು ತಾಗಿಸಿ ವಿದ್ಯುತ್ ಹರಿಸಿದರು. ಬಳೆಯ ನಡುವೆ ಖಾಲಿ, ಹಾಗಾಗಿ ಬೆಳಕಿಗೆ ಅಡ್ಡಿಯಿಲ್ಲ. ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಕಾಫಿ ಆರಲು ಬಿಟ್ಟರೆ ಮಕ್ಕಳಿಗೆ ಮೊದಲರ್ಧ ಮನೆಯಲ್ಲೇ ಕಾಣುತ್ತದೆ.