ಯಾವ ಮಗುವಿಗೆ ಯಾವ ಪುಸ್ತಕ?

ಗ್ರಂಥಾಲಯದ ಮೇಜಿನ ಮುಂದೆ ತಾಯಿಯೊಡನೆ ಬಂದು ನಿಲ್ಲುವ ಹುಡುಗನ ಮುಖವನ್ನು ನೋಡಿದರೇ ಸಾಕು, ತಾನಾಗಿ ಬಂದವನೋ ಎಳೆದುಕೊಂಡು ಬಂದವನೋ ಎಂಬುದು ಗ್ರಂಥಪಾಲಕರಿಗೆ ತಿಳಿದುಹೋಗುತ್ತದೆ. “ಇವನಿಗೆ ಏನಾದರೂ ಒಳ್ಳೆಯ ಪುಸ್ತಕ ಕೊಡಿ ಸಾರ್, ನಾಲ್ಕು ವಿಷಯ ತಿಳಿಯುವಂಥದು” ಎನ್ನುತ್ತಾರೆ ತಾಯಿ. ಹುಡುಗ ನೆಲ ನೋಡುತ್ತಾನೆ. ಅನುಭವಸ್ಥರಾದ ಗ್ರಂಥಪಾಲಕರು ತಾಯಿಯ ಮಾತಿಗೆ ತಲೆಯಾಡಿಸಿ, ಹುಡುಗನನ್ನೇ ಕೇಳುತ್ತಾರೆ: “ಈಚೆಗೆ ಓದಿದ್ದರಲ್ಲಿ ನಿನಗೆ ನಗು ಬಂದದ್ದು ಯಾವುದಪ್ಪ?” ಉತ್ತರ ಹೊರಟಿತೆಂದರೆ ಅರ್ಧ ಕೆಲಸವಾದಂತೆ. ಒಂದಲ್ಲ, ಮೂರು ಪುಸ್ತಕಗಳನ್ನು ಮುಂದಿಟ್ಟು, ಬೇರೊಂದು ಕೆಲಸದ ನೆಪದಿಂದ ಅತ್ತ ಸರಿಯುತ್ತಾರೆ. ಆರಿಸಿಕೊಳ್ಳುವ ಸುಖ ಹುಡುಗನದೇ ಆಗಬೇಕಷ್ಟೆ.

ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ, ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ಓದುಗನಿಗೆ ಅವನ ಪುಸ್ತಕ ದೊರೆಯಬೇಕೆಂಬುದು ಎರಡನೆಯದು. ಪುಸ್ತಕಕ್ಕೆ ಅದರ ಓದುಗ ದೊರೆಯಬೇಕೆಂಬುದು ಮೂರನೆಯದು. ಬೀರುವಿನಲ್ಲಿ ಧೂಳು ತಿನ್ನುತ್ತ ಕುಳಿತ ಪುಸ್ತಕದ ಮೇಲೂ ಎಷ್ಟು ಕರುಣೆ! ಕಥೆಯೆಂದರೆ ಮೂಗು ಮುರಿದು, ಯಂತ್ರ ಹೇಗೆ ಓಡುತ್ತದೆಂದು ಕೇಳುವ ಹುಡುಗಿಗೆ ಕಾರಂತರ ‘ಬಾಲ ಪ್ರಪಂಚ’ದ ದಪ್ಪ ಸಂಪುಟವೊಂದನ್ನು ತೋರಿಸಿದಾಗ ಈ ಎರಡು ಸೂತ್ರಗಳೂ ಒಮ್ಮೆಗೇ ನಡೆದುಬಿಡುತ್ತವೆ.

ಆದರೆ ಶಿಫಾರಸಿನ ಅಧಿಕಾರ ತಲೆಗೇರುವುದೂ ಉಂಟು. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ 1906ರಿಂದ 1941ರವರೆಗೆ ಮಕ್ಕಳ ವಿಭಾಗವನ್ನು ನಡೆಸಿದ ಆನ್ ಕ್ಯಾರಲ್ ಮೂರ್ ಸಾಮಾನ್ಯ ಹೆಂಗಸಲ್ಲ. ಎಷ್ಟೋ ಗ್ರಂಥಾಲಯಗಳು ಎಳೆಯರನ್ನು ಹೊಸಿಲು ದಾಟಗೊಡದಿದ್ದ ಕಾಲದಲ್ಲಿ ಅವರಿಗಾಗಿ ಬಾಗಿಲು ತೆರೆಸಿದವರು. ಅಂಥವರೇ 1945ರಲ್ಲಿ ಇ. ಬಿ. ವೈಟ್ ಅವರ ‘ಸ್ಟುವರ್ಟ್ ಲಿಟಲ್’ ಅಚ್ಚಾಗುವ ಮೊದಲೇ ಓದಿ, ಅದನ್ನು ಪ್ರಕಟಿಸಬೇಡಿರೆಂದು ಕಾಗದ ಬರೆದರು. ಮನುಷ್ಯರ ಮನೆಯಲ್ಲಿ ಇಲಿಯಂಥ ಮಗು ಹುಟ್ಟಿದ ಆ ಕಥೆ ಅವರಿಗೆ ಹಿಡಿಸಲಿಲ್ಲ. ಪುಸ್ತಕ ಹೊರಬಂದಿತು, ಮಕ್ಕಳು ಅದನ್ನು ಮುಗಿಬಿದ್ದು ಓದಿದರು. ಮಕ್ಕಳನ್ನು ಅಷ್ಟು ಬಲ್ಲವರು ಆ ಒಂದು ಗಳಿಗೆ ತಮ್ಮ ರುಚಿಯನ್ನೇ ಮಕ್ಕಳ ರುಚಿಯೆಂದು ಬಗೆದರು.

ಕೊಟ್ಟ ಪುಸ್ತಕ ಎಂಟು ಹಾಳೆ ತಿರುಗುವುದರೊಳಗೆ ಮರಳಿ ಬಂದರೆ ಬೇಸರಿಸುವ ಕಾರಣವಿಲ್ಲ. ಹುಡುಗ ಸುಳ್ಳು ಹೇಳಲಿಲ್ಲವಲ್ಲ! ಇನ್ನೊಂದನ್ನು ಹುಡುಕಿದರಾಯಿತು. ಹಾಗೆ ಎರಡು ಮೂರು ಸಲ ಸೋತ ಮೇಲೆ ಒಂದು ಶನಿವಾರ ಅದೇ ಹುಡುಗ ತಾಯಿಯಿಲ್ಲದೆ ಒಬ್ಬನೇ ಏದುಸಿರು ಬಿಡುತ್ತ ಬರುತ್ತಾನೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಇಂಥದೇ ಇನ್ನೊಂದು ಇದೆಯಾ ಸಾರ್?” ಎನ್ನುತ್ತಾನೆ. ಗ್ರಂಥಪಾಲಕರು ಜವಾನನನ್ನು ಕೂಗುವುದಿಲ್ಲ. ತಾವೇ ಎದ್ದು ಬೀರುವಿನ ಕಡೆಗೆ ನಡೆಯುತ್ತಾರೆ.