ಗೇರ್‌ಬಾಕ್ಸ್ ಆಯಿಲ್: ಮಾಲೀಕನಿಂದ ಮುಚ್ಚಿಡುವುದೇಕೆ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕ್ಲಚ್ ತುಳಿದು ತುಳಿದು ಎಡಗಾಲು ಸೋತವರು ಆಟೊಮ್ಯಾಟಿಕ್ ಕಾರಿನತ್ತ ಹೊರಳಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಲಿನ ದುಡಿಮೆಯನ್ನು ಈಗ ಗೇರ್‌ಬಾಕ್ಸ್ ಒಳಗಿನ ಆಯಿಲ್ ಹೊತ್ತಿದೆ. ಆದರೆ ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವ ಎಷ್ಟೋ ಮಂದಿ ಇದರ ಗೋಜಿಗೇ ಹೋಗುವುದಿಲ್ಲ.

ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ನಿನ ಬಲವನ್ನು ದಾಟಿಸುವುದೂ ಈ ಆಯಿಲ್, ಒತ್ತಡ ಕೊಟ್ಟು ಕ್ಲಚ್ ಹಿಡಿಸುವುದೂ ಇದೇ, ಬಿಸಿಯನ್ನು ಹೊರಗೆ ಸಾಗಿಸುವುದೂ ಇದೇ. ಹಾಗಾಗಿ ಕೆಂಪಗಿದ್ದರೆ ಸಾಕು ಎಂದು ಸಿಕ್ಕಿದ್ದನ್ನು ಸುರಿಯುವಂತಿಲ್ಲ. ಹಿಂದೆ ಅಮೆರಿಕದಲ್ಲಿ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದು ನಿಂತು ಬದಲಿ ಮಿಶ್ರಣ ಬಂದಾಗ ಗೇರ್‌ಬಾಕ್ಸ್‌ಗಳು ಕೆಡುವುದು ಹೆಚ್ಚಾಯಿತು. ಇಂದು ಟೊಯೊಟಾದ ಡಬ್ಲ್ಯುಎಸ್ ಆಯಿಲ್ ಬೇರೆ, ಹೊಂಡಾದ ಸಿವಿಟಿ ಗೇರ್‌ಬಾಕ್ಸಿನ ಎಚ್‌ಸಿಎಫ್-2 ಬೇರೆ. ಮಾರುತಿ ಸೆಲೆರಿಯೊ 2014ರಲ್ಲಿ ಜನಪ್ರಿಯಗೊಳಿಸಿದ ಎಎಂಟಿ ಮಾದರಿಯ ಆಟೊಮ್ಯಾಟಿಕ್‌ನಲ್ಲಂತೂ ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸ್. ಅದರ ಲೆಕ್ಕವೇ ಬೇರೆ.

ಕಾರು ತಯಾರಕರಲ್ಲಿ ಕೆಲವರು ಈ ಆಯಿಲ್ ‘ಜೀವಮಾನಕ್ಕೆ ಸಾಕು’ ಎನ್ನುತ್ತಾರೆ, ಅಳೆದು ನೋಡುವ ಕಡ್ಡಿಯನ್ನೂ ತೆಗೆದುಹಾಕಿದ್ದಾರೆ. ಆದರೆ ಹಲವು ಐಷಾರಾಮಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿ, ಓಡಿಸುವ ರೀತಿಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರ್‌ಗೆ ಅಥವಾ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಗೇರ್‌ಬಾಕ್ಸ್ ಮಾಡಿದವರ ಮಾತನ್ನೇ ನಂಬಬೇಕು. ವಾರಂಟಿ ಮುಗಿದ ಮೇಲೆ ದಂಡ ತೆರುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು, ‘ಜೀವಮಾನ’ದ ಭರವಸೆಯನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆಯಲಾರರು.

ಮನೆಯಲ್ಲೇ ಬದಲಿಸಬಹುದೇ? ಹಲವು ಕಾರುಗಳಲ್ಲಿ ಬದಲಿಸಬಹುದು. ಬೇಕಾದದ್ದು ಸಾಹಸವಲ್ಲ, ಶಿಸ್ತು. ಬರೀ ಜ್ಯಾಕ್ ನಂಬಿ ಯಾರೂ ಕಾರಿನಡಿ ಮಲಗಬಾರದು. ನಾಲ್ಕೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ಕಾರು ಸಮತಟ್ಟಾಗಿ ನಿಂತಿರಬೇಕು. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಬೇಕು. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಬರಿದಾದ ಕಾರು ಅಂಗಳದಲ್ಲೇ ಕೂರುತ್ತದೆ. ಇಳಿದಷ್ಟನ್ನು ಅಳೆದು ಅಷ್ಟೇ ಹೊಸತನ್ನು ಹಾಕಬೇಕು. ಒಮ್ಮೆಗೆ ಎಲ್ಲವೂ ಇಳಿಯುವುದಿಲ್ಲ, ದೊಡ್ಡ ಪಾಲು ಟಾರ್ಕ್ ಕನ್ವರ್ಟರ್‌ನಲ್ಲೇ ಉಳಿಯುತ್ತದೆ. ಅದಕ್ಕೇ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬದಲಿಸುವ ರೂಢಿಯಿದೆ. ಗೇರ್‌ಬಾಕ್ಸ್ ತಳದ ಪ್ಯಾನಿನ ಮ್ಯಾಗ್ನೆಟ್‌ಗೆ ಅಂಟಿದ ನುಣುಪಾದ ಬೂದು ಕೆಸರಿಗೆ ಹೆದರಬೇಕಿಲ್ಲ. ಕಬ್ಬಿಣದ ಚೂರು ಕಂಡರೆ, ಸುಟ್ಟ ಘಾಟು ಬಂದರೆ ಅಲ್ಲಿಗೇ ನಿಲ್ಲಿಸಿ ಒಳ್ಳೆಯ ಮೆಕ್ಯಾನಿಕ್‌ನನ್ನು ಕರೆಯಬೇಕು.

ಕಷ್ಟವಿರುವುದು ಕೊನೆಯ ಹಂತದಲ್ಲಿ. ಕಡ್ಡಿಯಿಲ್ಲದ ಗೇರ್‌ಬಾಕ್ಸ್‌ನಲ್ಲಿ ಎಂಜಿನ್ ಓಡುತ್ತಿರುವಾಗ, ಆಯಿಲ್ ನಿಗದಿತ ಬಿಸಿಗೆ ಬಂದಾಗಲೇ ಮಟ್ಟ ನೋಡಬೇಕು. ಎಷ್ಟು ಬಿಸಿ, ಯಾವ ಬೋಲ್ಟ್, ಎಷ್ಟು ಲೀಟರ್ ಎಂಬುದು ಬಹುತೇಕ ವರ್ಕ್‌ಶಾಪ್ ಕೈಪಿಡಿಯಲ್ಲಿರುತ್ತದೆ, ಮಾಲೀಕನ ಕೈಗೆ ಬರುವ ಪುಸ್ತಕದಲ್ಲಲ್ಲ. ಕಂಪನಿಗಳು ದುರಸ್ತಿ ಮಾಹಿತಿಯನ್ನು ಹಂಚಿಕೊಳ್ಳಲೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲ್‌ನ ವ್ಯಾಪ್ತಿಗೆ ಕಾರುಗಳೂ ಬರುತ್ತವೆ. ಹಾಗಿದ್ದ ಮೇಲೆ ಈ ನಾಲ್ಕು ಸಾಲಿನ ಮಾಹಿತಿಯನ್ನು ಪ್ರತಿ ಮಾಡೆಲ್‌ಗೂ, ಕನ್ನಡದಲ್ಲೂ, ಬಿಚ್ಚಿ ಹೇಳಲು ಕಂಪನಿಗಳಿಗೆ ಏನು ಅಡ್ಡಿ? ಊರಿನ ಸಣ್ಣ ಗ್ಯಾರೇಜ್‌ಗಳಿಗೂ ಅದರಿಂದ ಉಪಕಾರವಾಗುತ್ತದೆ.

ಇಳಿಸಿದ ಹಳೆ ಎಣ್ಣೆಯದು ಇನ್ನೊಂದು ಪ್ರಶ್ನೆ. ಕೇಂದ್ರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ, ಮೋರಿಗೆ ಸುರಿಯುವಂತಿಲ್ಲ. ಬಳಸಿದ ಎಣ್ಣೆಯ ಹೊಣೆಯನ್ನು 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ಹೊಸ ಆಯಿಲ್ ಮಾರುವ ಅಂಗಡಿಗಳು, ಸರ್ವಿಸ್ ಸೆಂಟರ್‌ಗಳು ಹಳೆಯದನ್ನು ಕ್ಯಾನಿನಲ್ಲಿ ತಂದುಕೊಟ್ಟರೆ ಹಣ ಕೇಳದೆ ಪಡೆಯಬೇಕೆಂಬ ಆದೇಶವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಲಿ.